ಗಿಣಿರಾಮನ ಗ್ಯಾಸ್ ಚೀಟಿ

ಊಟ ಬಲ್ಲವನಿಗೆ ರೋಗವಿಲ್ಲ, ರೋಗ ಬಲ್ಲವನಿಗೆ ಊಟವಿಲ್ಲ. ಗಾದೆಯ ಉತ್ತರಾರ್ಧ ಹೀಗಿಲ್ಲವಲ್ಲ ಎಂದು ತಕರಾರು ತೆಗೆಯುವವರು ಯಾವುದಾದರೂ ದೊಡ್ಡಾಸ್ಪತ್ರೆಯ ಐಸಿಯು ಬಾಗಿಲಲ್ಲಿ ಒಂದು ದಿನ ನಿಂತು, ಒಳಗಿನ ಡಾಕ್ಟರುಗಳ ಊಟದ ಡಬ್ಬಿ ಎಷ್ಟು ಗಂಟೆಗೆ ತೆರೆಯುತ್ತದೆಂದು ನೋಡಿಕೊಂಡು ಬರಲಿ, ಆಮೇಲೆ ಮಾತಾಡೋಣ. ಈಗ ಹೇಳಹೊರಟಿರುವುದು ನಡೆದ ಸಂಗತಿ. ಇದಕ್ಕೆ ಉಪ್ಪು ಖಾರ ಹಚ್ಚಿಲ್ಲ. ಹುಳಿ ಮಾತ್ರ ಇದೆ. ಅದು ಮೊದಲಿಂದಲೇ ಇತ್ತು, ಅದೂ ರಕ್ತದಲ್ಲಿ.

ಆ ಐಸಿಯುವಿನಲ್ಲಿ ಹನ್ನೆರಡು ಮಂಚಗಳಿದ್ದವು. ಮೂಲೆಯಲ್ಲಿ ಗಾಜಿನ ಗೂಡಿನಂಥ ಒಂದು ಕೋಣೆ; ಅದರೊಳಗೆ ಒಂದು ಯಂತ್ರ, ಒಂದು ಸ್ಟೂಲು, ಸ್ಟೂಲಿನ ಮೇಲೆ ಒಬ್ಬ ಟೆಕ್ನೀಷಿಯನ್. ರೋಗಿಯ ಮಣಿಕಟ್ಟಿನಿಂದ ತೆಗೆದ ರಕ್ತವನ್ನು ಕುಡಿಸಿದರೆ ಯಂತ್ರ ಎರಡು ನಿಮಿಷ ಗೊಣಗಿ, ಬಸ್ ಟಿಕೆಟ್ಟಿನಂಥ ಚೀಟಿಯೊಂದನ್ನು ಉಗುಳುತ್ತಿತ್ತು. ರಕ್ತದಲ್ಲಿ ಆಮ್ಲ ಹೆಚ್ಚಿದೆಯೋ ಕ್ಷಾರ ಹೆಚ್ಚಿದೆಯೋ, ಪುಪ್ಪುಸ ಏನು ಮಾಡುತ್ತಿದೆ, ಕಿಡ್ನಿ ಏನು ಮಾಡುತ್ತಿದೆ ಎಂಬುದೆಲ್ಲ ಅದರಲ್ಲಿ ಅಂಕಿಗಳಾಗಿ ಬರುತ್ತಿತ್ತು. ಪಿಎಚ್ ಎಂದರೆ ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ; ಸಿಓಟು ಎಂದರೆ ಪುಪ್ಪುಸ ಉಸಿರಿನಲ್ಲಿ ಹೊರಹಾಕುವ ಹುಳಿಗಾಳಿ; ಬೈಕಾರ್ಬ್ ಎಂದರೆ ಹುಳಿ ಮುರಿಯಲು ಕಿಡ್ನಿ ಕಾದಿಡುವ ಸೋಡಾ. ವಾರ್ಡಿನವರ ಬಾಯಲ್ಲಿ ಅದು ಗ್ಯಾಸ್ ಚೀಟಿ. ದಿನವಿಡೀ ಗ್ಯಾಸು ಬಿಡುವುದರಲ್ಲಿ ಯಂತ್ರಕ್ಕೂ ಟೆಕ್ನೀಷಿಯನ್‌ಗೂ ಪೈಪೋಟಿಯಿತ್ತು.

ಟೆಕ್ನೀಷಿಯನ್‌ನನ್ನು ಎಲ್ಲರೂ ಗಿಣಿರಾಮ ಎನ್ನುತ್ತಿದ್ದರು. ಒಮ್ಮೆ ಕೇಳಿದ ದನಿ ಅವನ ಗಂಟಲಲ್ಲಿ ಬಿಡಾರ ಹೂಡಿಬಿಡುತ್ತಿತ್ತು. ಲಿಫ್ಟಿನ ಕಿರುಗುಟ್ಟುವ ಬಾಗಿಲು, ಔಷಧಿ ಅಂಗಡಿಯವನ ಆಕಳಿಕೆ, ಯಾವುದನ್ನೂ ಬಿಡುವವನಲ್ಲ. ಐಸಿಯುವಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರದು ಸದಾ ನಿಂಬೆಹಣ್ಣು ಕಚ್ಚಿದ ಮುಖ. ಅವರಿಗೆ ಹುಳಿಯಪ್ಪ ಎಂದು ಹೆಸರಿಟ್ಟವನು ಇವನೇ. ಹುಳಿಯಪ್ಪ ಕುದಿಯತೊಡಗಿದಾಗಲೆಲ್ಲ ನಡುವೆ ಬಂದು ಬುಸ್ಸೆನಿಸಿ ತಣ್ಣಗಾಗಿಸುತ್ತಿದ್ದ ಹೆಡ್ ನರ್ಸನ್ನು ಸೋಡಕ್ಕ ಎಂದು ಕರೆದವನೂ ಇವನೇ. ಒಂದು ಸಲ ಹುಳಿಯಪ್ಪನ ದನಿಯಲ್ಲೇ ವಾರ್ಡಿಗೆ ಫೋನು ಮಾಡಿ, "ಅರ್ಧ ಗಂಟೇಲಿ ಹನ್ನೆರಡೂ ಮಂಚದ ಬೆಡ್‌ಶೀಟ್ ಬದಲಾಗಿರ್ಬೇಕು!" ಎಂದು ಗದರಿದ. ಬದಲಾಯಿತು. ರೌಂಡ್ಸಿಗೆ ಬಂದ ನಿಜವಾದ ಹುಳಿಯಪ್ಪ ಸುತ್ತಲೂ ನೋಡಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ "ಪರವಾಗಿಲ್ಲ" ಎಂದರು. ಆ ಪ್ರಶಂಸೆ ಯಾರಿಗೆ ಸಲ್ಲಬೇಕೆಂದು ವಾರ್ಡು ಇನ್ನೂ ಜಗಳವಾಡುತ್ತಿದೆ.

ಯಂತ್ರದ ಹೊಟ್ಟೆಯೊಳಗೆ ಕಾರ್ಟ್ರಿಜ್ ಎಂಬ ಡಬ್ಬಿಯಿತ್ತು. ತಿಂಗಳಿಗೊಮ್ಮೆ ಅದನ್ನು ಬದಲಿಸಿದ ಕೂಡಲೇ, ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ನೋಡಲು ಆರೋಗ್ಯವಂತರೊಬ್ಬರ ರಕ್ತ ಬೇಕಾಗುತ್ತಿತ್ತು. ಅದಕ್ಕೆ ಸಿಬ್ಬಂದಿಯೇ ಸರದಿಯ ಮೇಲೆ ಮಣಿಕಟ್ಟು ಕೊಡಬೇಕು. ಸರದಿಯ ಪಟ್ಟಿ ಬೀರುವಿನ ಬಾಗಿಲ ಒಳಮೈಗೆ ಅಂಟಿತ್ತು. ಈ ಪದ್ಧತಿಗೆ ಗಿಣಿರಾಮ ತನ್ನದೊಂದು ಬಾಲ ಕಟ್ಟಿದ್ದ. ಆರೋಗ್ಯವಂತನ ಚೀಟಿಯಿಂದ ಹೆಸರಿನ ತುದಿ ಹರಿದು, ಅದಕ್ಕೊಂದು ಭಯಂಕರ ಕತೆ ಪೋಣಿಸಿ, ವಾರ್ಡಿಗೆ ಹೊಸದಾಗಿ ಬಂದ ಡಾಕ್ಟರ ಕೈಗಿಡುವುದು. ಒಬ್ಬರು ನಾಲ್ಕು ಇಂಜೆಕ್ಷನ್ ಬರೆದರು. ಇನ್ನೊಬ್ಬರು "ಸಂಬಂಧಿಕರನ್ನ ಕರೆಸಿಬಿಡಿ" ಎಂದು ದನಿ ತಗ್ಗಿಸಿದರು. ಆಗ ಪರದೆ ಸರಿಸಿ, ಟೀ ತಟ್ಟೆ ಹಿಡಿದು, ಸಾಕ್ಷಾತ್ 'ರೋಗಿ'ಯೇ ಹೊರಬರುವುದು. ಹೊಸಬರ ಕಿವಿಗೆ ಹೂವಿಡುವ ಈ ಕಾರ್ಯಕ್ರಮಕ್ಕೆ ಅಡುಗೆಮನೆಯವರೂ ಬಂದು ನಿಲ್ಲುತ್ತಿದ್ದರು.

ಆದರೆ ಈ ಸಲ ಹೂವಿಡುವವನ ಕಿವಿಯೇ ಸರಿಯಿರಲಿಲ್ಲ.

ಎರಡು ದಿನದಿಂದ ಗಿಣಿರಾಮನ ಎರಡೂ ಕಿವಿಗಳಲ್ಲಿ ದೂರದಲ್ಲೆಲ್ಲೋ ಕುಕ್ಕರ್ ಕೂಗುತ್ತಿರುವಂಥ ಸೀಟಿ. ಇಳಿಸುವವರಿಲ್ಲ, ಒಲೆ ಆರಿಸುವವರಿಲ್ಲ. ಎದುರಿಗಿದ್ದವರ ಮಾತು ಹತ್ತಿ ತುರುಕಿದಂತೆ ಮಂದವಾಗಿ ಬರುತ್ತಿತ್ತು. ಹಿಂದಿನ ದಿನ ಸೋಡಕ್ಕನ ದನಿ ಮಾಡಹೋಗಿ ಅದು ಯಾರದೋ ದನಿಯಾಯಿತು. ನರ್ಸುಗಳು ನಕ್ಕರು, ಆದರೆ ನಗು ಒಂದು ಕ್ಷಣ ತಡವಾಗಿ ಬಂತು. ಆ ಒಂದು ಕ್ಷಣ ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಕಿವಿ ಹೋದ ಗಿಣಿ ಏನು ಮಾಡೀತು? ಬರೀ ಕಾಳು ತಿಂದುಕೊಂಡಿರಬೇಕು. ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಹೇಳಿದರೆ ಹಲ್ಲುನೋವು ಹೋಯಿತೆಂದು ಅವಳಿಗೆ ಹೇಳಿದ್ದ ಸುಳ್ಳು ಹೊರಬರುತ್ತಿತ್ತು. ಬುದ್ಧಿಹಲ್ಲು ಎಂಬ ಹೆಸರು ಹೊತ್ತು ಬಾಯಿಯ ಕೊನೆಯಲ್ಲಿ ಎದ್ದ ಒಂದು ದಡ್ಡ ಹಲ್ಲು ನಾಲ್ಕು ದಿನದಿಂದ ಅವನನ್ನು ಅರೆಯುತ್ತಿತ್ತು. ಹಲ್ಲಿನ ಡಾಕ್ಟರು ದೂರವೇನಿರಲಿಲ್ಲ, ಹೆಂಡತಿಯ ತಮ್ಮನೇ. ಮನೆಮಂದಿ ಸೇರಿದಾಗಲೆಲ್ಲ ಆ ಭಾವಮೈದುನನ ಡ್ರಿಲ್ಲಿನ ಸದ್ದನ್ನೂ "ಆ ಅನ್ನಿ, ಇನ್ನೂ ಆ ಅನ್ನಿ" ಎಂಬ ಎಳೆತವನ್ನೂ ಯಥಾವತ್ತು ಮಾಡಿ ತೋರಿಸಿದವನು ಗಿಣಿರಾಮ. "ಒಂದಿನ ನೀವೂ ನನ್ನ ಕುರ್ಚಿಗೆ ಬರ್ತೀರಲ್ಲ ಭಾವ, ಆಗ ಮಾಡಿ ತೋರಿಸೋರಂತೆ" ಎಂದು ಅವನು ನಗುನಗುತ್ತಲೇ ಹೇಳಿದ್ದ. ಆ ನಗುವಿನಲ್ಲಿ ಇಕ್ಕಳದ ಹೊಳಪಿತ್ತು. ಹಾಗಾಗಿ ಗಿಣಿರಾಮ ಆಸ್ಪಿರಿನ್ ಮಾತ್ರೆಗೆ ಶರಣಾದ. ತಲೆನೋವಿಗೆ ಎಲ್ಲರ ಮನೆಯಲ್ಲೂ ಇರುವ ಸಾಧು ಮಾತ್ರೆ ತಾನೆ? ಮೊದಲ ದಿನ ಎರಡೆರಡು. ಆಮೇಲೆ ಮೂರು, ನಾಲ್ಕು. ಎಷ್ಟಾಯಿತೆಂದು ಹಲ್ಲು ಎಣಿಸಿತ್ತೋ ಏನೋ, ಅವನು ಎಣಿಸಿರಲಿಲ್ಲ.

ಆ ಬೆಳಗ್ಗೆ ಕಾರ್ಟ್ರಿಜ್ ಬದಲಾಯಿತು. ಪಟ್ಟಿಯಲ್ಲಿ ಸರದಿ ಗಿಣಿರಾಮನದು.

"ಕೈ ಯಾಕೋ ಹಿಂಗೆ ಬೆವತಿದೆ?" ಎಂದಳು ಸೋಡಕ್ಕ, ಮಣಿಕಟ್ಟಿನಲ್ಲಿ ನಾಡಿ ಹುಡುಕುತ್ತ.

"ನಿಮ್ಮ ಸೂಜಿ ಕಂಡ್ರೆ ಗೋಡೆನೂ ಬೆವರುತ್ತೆ ಅಕ್ಕ."

"ಬಾಯಿಗೆ ಮಾತ್ರ ಯಾವ ರೋಗನೂ ಬರಲ್ಲ ನಿನಗೆ."

ಬಂದಿದೆ ಎಂದು ಅವನ ನಾಲಗೆಯ ತುದಿಯವರೆಗೆ ಬಂತು, ನುಂಗಿಕೊಂಡ. ಯಂತ್ರ ಗೊಣಗಿತು, ಚೀಟಿ ಬಂತು. ಸೋಡಕ್ಕ ಮೇಲಿನ ಸಾಲು ಮಾತ್ರ ನೋಡಿದಳು: ಪಿಎಚ್ ಏಳು ಪಾಯಿಂಟ್ ನಾಲ್ಕು ಮೂರು. ಏಳು ಪಾಯಿಂಟ್ ಮೂರು ಐದರಿಂದ ನಾಲ್ಕು ಐದರೊಳಗೆ ಇದ್ದರೆ ಸರಿ. "ಮಿಷನ್ ಗಟ್ಟಿಯಾಗಿದೆ" ಎಂದು ಚೀಟಿ ಕೊಟ್ಟಳು. ಗಿಣಿರಾಮ ತನ್ನ ಹೆಸರಿದ್ದ ತುದಿಯನ್ನು ಹರಿದ. ಕೆಳಗಿನ ಸಾಲುಗಳನ್ನು ಅವನೂ ಓದಲಿಲ್ಲ. ದಿನಕ್ಕೆ ಐವತ್ತು ಚೀಟಿ ಹಂಚುವವನು ಅವನು; ಅಂಚೆಯವನು ಕಾಗದ ಓದುವುದುಂಟೇ?

ಹೊಸ ಡಾಕ್ಟರಮ್ಮ ಬಂದು ಮೂರು ದಿನವಾಗಿತ್ತು. ಕೈ ಎರಡು ಸಲ ತೊಳೆಯುವುದು, ನಾಡಿ ಎರಡು ಸಲ ಎಣಿಸುವುದು, ಔಷಧದ ಹೆಸರು ಎರಡು ಸಲ ಕೇಳುವುದು. ಮೊದಲ ದಿನವೇ ಅವಳಿಗೆ ಎರಡೆರಡು ಮೇಡಂ ಎಂಬ ನಾಮಕರಣವಾಗಿತ್ತು.

ಖಾಲಿಯಿದ್ದ ಹನ್ನೆರಡನೇ ಮಂಚದ ಪರದೆಯ ಹಿಂದೆ ಟೀ ತಟ್ಟೆ ಹಿಡಿದು ಗಿಣಿರಾಮ ನಿಂತ. ಬಾಗಿಲಲ್ಲಿ ಅಡುಗೆಮನೆಯ ಇಬ್ಬರು, ಕೈ ಒರೆಸಿಕೊಳ್ಳುವ ನೆಪದಲ್ಲಿ. ಸೋಡಕ್ಕ ಮುಖವನ್ನು ಉದ್ದ ಮಾಡಿಕೊಂಡು ಚೀಟಿ ಒಪ್ಪಿಸಿದಳು.

"ಮೇಡಂ, ಅರವತ್ತೆಂಟು ವರ್ಷದ ಅಜ್ಜ. ಶುಗರ್ ಇದೆ, ಕಿಡ್ನಿ ಇಲ್ಲ, ಹಾರ್ಟು ಇದ್ದೂ ಇಲ್ಲ. ಬೇರೆ ಆಸ್ಪತ್ರೆಯಿಂದ ಆಂಬುಲೆನ್ಸಲ್ಲಿ ಬರ್ತಿದಾರೆ. ಏನೇನು ರೆಡಿ ಮಾಡಲಿ, ಬೇಗ ಹೇಳಿ."

"ಕತೆ ಆಮೇಲೆ ಸಿಸ್ಟರ್. ಮೊದಲು ನಂಬರ್ ನೋಡೋಣ," ಎಂದಳು ಎರಡೆರಡು ಮೇಡಂ. "ಕತೆ ಮೊದಲು ಕೇಳಿದ್ರೆ ನಂಬರ್ರೂ ಅದೇ ಕತೆ ಹೇಳಕ್ಕೆ ಶುರು ಮಾಡುತ್ತೆ."

ಪರದೆಯ ಹಿಂದೆ ಗಿಣಿರಾಮ ತಲೆಯನ್ನು ಪಕ್ಕಕ್ಕೆ ವಾಲಿಸಿ, ಸೀಟಿಯ ಸಂದಿಯಲ್ಲಿ ಮಾತನ್ನು ಹಿಡಿಯಲು ನೋಡಿದ.

"ಪಿಎಚ್ ಏಳು ಪಾಯಿಂಟ್ ನಾಲ್ಕು ಮೂರು. ತುಂಬಾ ಚೆನ್ನಾಗಿದೆ." ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. "ಅದೇ ಭಯ. ಸಿಓಟು ಇಪ್ಪತ್ತು, ನಲವತ್ತಿರಬೇಕಿತ್ತು. ಬೈಕಾರ್ಬ್ ಹದಿಮೂರು, ಇಪ್ಪತ್ನಾಲ್ಕಿರಬೇಕಿತ್ತು. ಎರಡೂ ಅರ್ಧಕ್ಕರ್ಧ ಇಲ್ಲ, ಆದ್ರೂ ಪಿಎಚ್ ಸರಿಯಾಗಿದೆ ಅಂದ್ರೆ ಏನರ್ಥ ಸಿಸ್ಟರ್?"

ಸೋಡಕ್ಕನ ಉದ್ದ ಮುಖ ನಿಧಾನವಾಗಿ ತನ್ನ ನಿಜವಾದ ಅಳತೆಗೆ ಬಂತು. "ಎಷ್ಟಂದ್ರಿ?"

ಹಗ್ಗಜಗ್ಗಾಟದಲ್ಲಿ ನಡುವಿನ ಗಂಟು ಕದಲದೆ ನಿಂತಿದೆ ಎಂದರೆ ಯಾರೂ ಎಳೆಯುತ್ತಿಲ್ಲ ಎಂದಾಗಬಹುದು. ಎರಡೂ ಕಡೆಯವರು ಅಂಗೈ ಕಿತ್ತುಹೋಗುವಂತೆ ಎಳೆಯುತ್ತಿದ್ದಾರೆ ಎಂದೂ ಆಗಬಹುದು. ಗಂಟನ್ನು ಮಾತ್ರ ನೋಡುವವರಿಗೆ ಎರಡೂ ಒಂದೇ. ಮೇಡಂ ಕೈಗವಸಿನ ಡಬ್ಬಿಯ ಮೇಲೆ ಪೆನ್ನಿನಿಂದ ಲೆಕ್ಕ ಹಾಕತೊಡಗಿದ್ದಳು.

"ಸೋಡಿಯಂ ನೂರ ನಲವತ್ತು. ಅದರಲ್ಲಿ ಕ್ಲೋರೈಡ್ ನೂರ ಎರಡು, ಬೈಕಾರ್ಬ್ ಹದಿಮೂರು ಕಳೀರಿ. ಇಪ್ಪತ್ತೈದು. ಹನ್ನೆರಡರ ಹತ್ತಿರ ಇರ್ಬೇಕಾದ್ದು! ಅಂದ್ರೆ ರಕ್ತದಲ್ಲಿ ಹೆಸರು ಹೇಳದೆ ಯಾವುದೋ ಆಸಿಡ್ ಬಂದು ಕೂತಿದೆ. ಅದನ್ನ ಹೊರಹಾಕಕ್ಕೆ ಉಸಿರು ಜೋರಾಗುತ್ತೆ, ಸರಿ. ಆದ್ರೆ ಅಷ್ಟಕ್ಕೆ ಸಿಓಟು ಇಪ್ಪತ್ತೇಳಕ್ಕೆ ಇಳೀಬೇಕು. ಇದು ಇಪ್ಪತ್ತು. ಉಸಿರಿಗೆ ಬೇರೆ ಯಾರೋ ಚಾಟಿ ಬೀಸ್ತಿದಾರೆ. ಒಬ್ಬರಲ್ಲೇ ಎರಡು ಕಾಯಿಲೆ." ಮತ್ತೊಮ್ಮೆ ಕಳೆದು ನೋಡಿದಳು. ಅದೇ ಇಪ್ಪತ್ತೈದು. "ಎರಡನ್ನೂ ಒಟ್ಟಿಗೆ ಮಾಡೋ ಮಾತ್ರೆ ಒಂದಿದೆ. ಸಿಸ್ಟರ್, ಈ ಅಜ್ಜ ಆಸ್ಪಿರಿನ್ ಜಾಸ್ತಿ ತಿಂದಿದಾರಾ? ಕಿವೀಲಿ ಸೀಟಿ ಹೊಡೆದ ಹಾಗಾಗುತ್ತೆ ಅಂತಿದ್ರಾ?"

ಪರದೆಯ ಹಿಂದೆ ಟೀ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು.

ಗಿಣಿರಾಮನಿಗೆ ಮೊದಲು ಬಂದದ್ದು ಸಿಟ್ಟು. ಯಾರೋ ಇವಳಿಗೆ ಚಾಡಿ ಹೇಳಿದ್ದಾರೆ, ತನಗೇ ತಿರುಗಿಸಿ ಹೂವಿಡುತ್ತಿದ್ದಾಳೆ. ಮರುಕ್ಷಣ ನೆನಪಾಯಿತು: ಕಿವಿಯ ಮಾತನ್ನು ಅವನು ಯಾರ ಕಿವಿಗೂ ಹಾಕಿರಲಿಲ್ಲ. ಹಾಗಾದರೆ ಹೇಳಿದ್ದು ಆ ಚೀಟಿ. ತಲೆ ಬಗ್ಗಿಸಿ ತನ್ನ ಅಂಗಿಯನ್ನು ನೋಡಿಕೊಂಡ. ಗುಂಡಿಗಳು ಮೇಲೆ ಕೆಳಗೆ, ಮೇಲೆ ಕೆಳಗೆ. ಯಾರೋ ಬೇರೆಯವರ ಎದೆಯಂತೆ ಅದು ಓಡುತ್ತಿತ್ತು.

ಅವನು ಪರದೆ ಸರಿಸಿ ಹೊರಬಂದ. ಬಾಗಿಲಲ್ಲಿದ್ದವರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು. ಮೇಡಂ ತಟ್ಟೆಯನ್ನು ನೋಡಿದಳು, ಬೆವತ ಹಣೆಯನ್ನು ನೋಡಿದಳು, ಹರಿದ ಚೀಟಿಯನ್ನು ನೋಡಿದಳು. ಅವಳಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ನಗಲಿಲ್ಲ. ತಟ್ಟೆ ಇಸಿದುಕೊಂಡು ಪಕ್ಕಕ್ಕಿಟ್ಟು, ಗಡಿಯಾರ ನೋಡುತ್ತ ಅವನ ಉಸಿರು ಎಣಿಸಿದಳು. ಮತ್ತೆ ಎಣಿಸಿದಳು.

"ಮೂವತ್ತೆರಡು. ಹದಿನಾರಿರಬೇಕು. ಕೂತ್ಕೊಳ್ಳಿ."

"ಗುಳ್ಳೆ ಮೇಡಂ," ಎಂದ ಗಿಣಿರಾಮ. ಸ್ವಂತ ದನಿ ಅವನಿಗೇ ಬಾವಿಯಿಂದ ಬಂದಂತಿತ್ತು. "ಸಿರಿಂಜಲ್ಲಿ ಗಾಳಿ ಗುಳ್ಳೆ ಸೇರಿದ್ರೆ ಸಿಓಟು ಇಳಿದೇ ಇಳಿಯುತ್ತೆ."

"ನನ್ನ ಸಿರಿಂಜಲ್ಲಿ ಗುಳ್ಳೆನಾ!" ಎಂದಳು ಸೋಡಕ್ಕ, ಆದರೆ ಆ ಕೋಪದ ಕೆಳಗೆ ಗುಳ್ಳೆಯೇ ಆಗಿರಲಿ ಎಂಬ ಹರಕೆಯಿತ್ತು.

"ಗುಳ್ಳೆ ಬಂದ್ರೆ ಕಳೆದು ಉಳಿದ ಆ ಗ್ಯಾಪ್ ಇಪ್ಪತ್ತೈದಾಗಲ್ಲ. ಎಷ್ಟು ತಿಂದ್ರಿ? ನಿಜ ಹೇಳಿ."

"ಹಲ್ಲುನೋವು ಮೇಡಂ. ಸ್ವಲ್ಪ."

"ಸ್ವಲ್ಪ ಅಂದ್ರೆ?"

ಅವನು ಬೆರಳು ಮಡಿಸಲು ಹೊರಟ. ಎರಡೂ ಕೈಯ ಬೆರಳು ಮುಗಿದವು.

"ಏನಿದು ಸಂತೆ?" ಬಾಗಿಲ ಬಳಿ ಹುಳಿಯಪ್ಪ. ಅಡುಗೆಮನೆಯವರು ಮಾಯವಾದರು. ಸೋಡಕ್ಕ ಹೇಳಿದಳು, ಒಂದನ್ನೂ ಮುಚ್ಚಿಡದೆ. ಬೈಗುಳ ಬರುತ್ತದೆಂದು ಎಲ್ಲರೂ ಕುತ್ತಿಗೆ ಒಳಗೆಳೆದುಕೊಂಡರು. ಹುಳಿಯಪ್ಪ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿ, "ಇನ್ನೊಂದು ಸಲ ತೆಗೀರಿ, ನನ್ನ ಕಣ್ಣೆದುರಿಗೆ" ಎಂದರು, ಅಷ್ಟೇ. ಬೈಯದ ಹುಳಿಯಪ್ಪನನ್ನು ಕಂಡು ಗಿಣಿರಾಮ ಯಾರೂ ಕೇಳುವ ಮೊದಲೇ ಮಣಿಕಟ್ಟು ಚಾಚಿದ.

ಎರಡನೇ ಚೀಟಿಗೂ ಮೊದಲನೆಯದಕ್ಕೂ ಒಂದು ಗಂಟೆಯ ಅಂತರ. ಪಿಎಚ್ ಏಳು ಪಾಯಿಂಟ್ ಮೂರು ನಾಲ್ಕು. ಸಿಓಟು ಹತ್ತೊಂಬತ್ತು. ಬೈಕಾರ್ಬ್ ಹತ್ತು. ಹಗ್ಗದ ಗಂಟು ಕದಲಿತ್ತು. ಪುಪ್ಪುಸದ ಕಡೆಯವರು ಸೋಲತೊಡಗಿದ್ದರು.

ಹನ್ನೆರಡನೇ ಮಂಚ ಈಗ ಖಾಲಿಯಿರಲಿಲ್ಲ. ಎರಡು ಕೈಗೂ ಸೂಜಿ, ಎದೆಗೆ ತಂತಿ. ನೆತ್ತಿಯ ಮೇಲೆ ಸೋಡಾದ ಬಾಟಲಿ, ನಿಜವಾದ ಸೋಡಿಯಂ ಬೈಕಾರ್ಬನೇಟು, ಹನಿಹನಿಯಾಗಿ. "ಈ ವಿಷ ಮೆದುಳಿಗೆ ಹೋಗದ ಹಾಗೆ ಇದು ತಡೆಯುತ್ತೆ, ಮೂತ್ರದಲ್ಲಿ ಹೊರಗೆ ಎಳೆಯುತ್ತೆ," ಎಂದು ಮೇಡಂ ಅವನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು. "ಆದ್ರೆ ಇದೊಂದೇ ಸಾಲದು. ಡಯಾಲಿಸಿಸ್ ಮಾಡಿ ರಕ್ತ ತೊಳೀಬೇಕು. ಮಿಷನ್ ಕೆಳಗಿನಿಂದ ಬಂದು ಸಜ್ಜಾಗಕ್ಕೆ ಒಂದು ಗಂಟೆ. ಅಲ್ಲೀವರೆಗೆ ಮಲಗಬಾರದು. ಉಸಿರು ನಿಧಾನ ಮಾಡಬಾರದು. ಕೇಳಿಸ್ತಾ?"

ಅರ್ಧ ಕೇಳಿಸಿತ್ತು. ಒಂದು ಗಂಟೆ, ಉಸಿರು ಎಂಬೆರಡು ಪದ. ಸಾಕಾಗಿತ್ತು.

ಸೋಡಕ್ಕನ ಫೋನು ಬಂದ ಕೂಡಲೇ ಹೆಂಡತಿ ಹೊಲಿಗೆ ಅಂಗಡಿಯಿಂದ ಮನೆಗೆ ಓಡಿ, ಮನೆಯಿಂದ ಇಲ್ಲಿಗೆ ಓಡಿ ಬಂದಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಕೈಯಲ್ಲಿದ್ದ ಚೀಲವನ್ನು ಮಂಚದ ಮೇಲೆ ಕೊಡವಿದಳು: ಖಾಲಿ ಮಾತ್ರೆ ಪಟ್ಟಿಗಳು, ಒಗೆಯಲು ಬಿದ್ದಿದ್ದ ಅಂಗಿಗಳ ಜೇಬಿನವು, ಸ್ಕೂಟರಿನ ಡಬ್ಬಿಯವು, ಒಂದು ಬೂಟಿನೊಳಗಿನದು.

"ಎಂಟು ಪಟ್ಟಿ, ಒಂದೊಂದರಲ್ಲಿ ಹತ್ತು," ಎಂದು ಡಾಕ್ಟರಮ್ಮನಿಗೆ ಹೇಳಿ, ಗಂಡನ ಕಡೆ ತಿರುಗಿದಳು. "ರೀ, ಹಲ್ಲು ಸರಿಹೋಯ್ತು ಅಂದ್ರಲ್ರೀ?"

"ಹಲ್ಲು... ಸರಿಹೋಗಿತ್ತು ಕಣೇ. ಉಳಿದದ್ದು... ಕೆಟ್ಟಿತು."

"ಇದ್ರಲ್ಲೂ ತಮಾಷೆ! ಬದುಕಿ ಮನೆಗೆ ಬನ್ನಿ, ಆಮೇಲೆ ನಾನೇ ಸಾಯಿಸ್ತೀನಿ." ಸೆರಗಿನಿಂದ ಅವನ ಹಣೆ ಒರೆಸಿದಳು.

ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅವನಿಗೆ ಎದೆಯ ಪಕ್ಕೆಗಳು ಯಾರೋ ಬಾಡಿಗೆಗೆ ಕೊಟ್ಟ ಸಾಮಾನಿನಂತೆ ಭಾರವಾದವು. ಕಣ್ಣು ಎಳೆಯುತ್ತಿತ್ತು. ನಿದ್ದೆ ಎಷ್ಟು ಹತ್ತಿರದಲ್ಲಿತ್ತೆಂದರೆ ಅದರ ದನಿ ಮಾತ್ರ ಸೀಟಿಯ ಅಡ್ಡಿಯಿಲ್ಲದೆ ಕೇಳಿಸುತ್ತಿತ್ತು. ಪರದೆಯಾಚೆ ಮತ್ತಿನ ಡಾಕ್ಟರು ಬಂದು ನಿಂತಿದ್ದರು, ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರಜ್ಞೆ ತಪ್ಪಿಸುವವರು. ಅವರ ಕೈಯಲ್ಲಿ ಟ್ಯೂಬಿನ ಪೊಟ್ಟಣ.

"ಸುಸ್ತಾಗ್ತಿದಾನೆ. ಮತ್ತು ಕೊಟ್ಟು ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಕೊಟ್ಟುಬಿಡೋಣ," ಎಂದರು.

ಹುಳಿಯಪ್ಪನ ಕಾನೂನೂ ಅದೇ ಆಗಿತ್ತು. ತನ್ನ ವಾರ್ಡಿನಲ್ಲಿ ಯಾರೂ ಉಸಿರಿಗಾಗಿ ಕೂಲಿ ಮಾಡಬಾರದು, ಆ ಕೆಲಸಕ್ಕೆ ಯಂತ್ರವಿದೆ ಎಂದು ಅವರು ಪ್ರತಿ ರೌಂಡ್ಸಿನಲ್ಲೂ ಹೇಳುತ್ತಿದ್ದರು. ಗಿಣಿರಾಮ ಅದನ್ನು ಸಾವಿರ ಸಲ ಅವರದೇ ದನಿಯಲ್ಲಿ ಹೇಳಿ ನಗಿಸಿದ್ದ. "ರೆಡಿ ಮಾಡ್ಕೊಳ್ಳಿ" ಎಂದರು ಹುಳಿಯಪ್ಪ.

"ಬೇಡ ಸರ್."

ಮೂರು ದಿನದ ಹಿಂದೆ ಕೆಲಸಕ್ಕೆ ಸೇರಿದವಳ ಬಾಯಿಂದ ಬಂದ ಆ 'ಬೇಡ' ಎಲ್ಲರ ಕೈಯನ್ನೂ ನಿಲ್ಲಿಸಿತು.

"ಬೇಡ ಅಂದ್ರೆ? ಉಸಿರು ನಿಂತ್ರೆ ನೀವು ಊದ್ತೀರೇನಮ್ಮಾ?"

"ಈಗ ಅವರನ್ನ ಉಳಿಸ್ತಿರೋದೇ ಆ ಉಸಿರು ಸರ್. ಸಿಓಟು ಹತ್ತೊಂಬತ್ತಕ್ಕೆ ಇಳಿಸಿಟ್ಟಿದಾರೆ. ಮತ್ತು ಕೊಟ್ಟ ತಕ್ಷಣ ಈ ಓಟ ನಿಲ್ಲುತ್ತೆ. ಟ್ಯೂಬ್ ಹಾಕಿ ಮುಗಿಸೋಷ್ಟರಲ್ಲಿ ಸಿಓಟು ಏರುತ್ತೆ. ನಲವತ್ತು ಮುಟ್ಟಿತು ಅಂತಿಟ್ಕೊಳ್ಳಿ, ಬೈಕಾರ್ಬ್ ಹತ್ತೇ ಇದೆ." ಪೆನ್ನನ್ನು ಅವರ ಕಡೆ ಚಾಚಿದಳು. "ಇಪ್ಪತ್ನಾಲ್ಕನ್ನ ನಲವತ್ತರಿಂದ ಗುಣಿಸಿ, ಹತ್ತರಿಂದ ಭಾಗಿಸಿ. ತೊಂಬತ್ತಾರು. ಅಂದ್ರೆ ಪಿಎಚ್ ಏಳು ಪಾಯಿಂಟ್ ಸೊನ್ನೆ ಎರಡು. ರಕ್ತ ಅಷ್ಟು ಹುಳಿಯಾದ್ರೆ ವಿಷ ಎಲ್ಲಾ ಮೆದುಳಿಗೆ ನುಗ್ಗುತ್ತೆ. ನಾವೇ ಬಾಗಿಲು ತೆಗೆದ ಹಾಗೆ ಸರ್."

ಗಿಣಿರಾಮನಿಗೆ ಇದ್ಯಾವುದೂ ಪೂರ್ತಿ ಕೇಳಿಸಲಿಲ್ಲ. ತನ್ನ ಬಗ್ಗೆ ತೀರ್ಮಾನವಾಗುತ್ತಿದೆ, ತುಟಿಗಳು ಆಡುತ್ತಿವೆ, ದನಿ ಬರುತ್ತಿಲ್ಲ. ಬದುಕಿನಲ್ಲಿ ಮೊದಲ ಸಲ ಹುಳಿಯಪ್ಪನ ಒಂದೊಂದು ಮಾತೂ ಅವನಿಗೆ ಬೇಕಾಗಿತ್ತು. ಹೆಂಡತಿಯ ಕೈಯನ್ನು ಹಿಡಿದು ಅವರ ಮುಖವನ್ನೇ ನೋಡಿದ.

ಹುಳಿಯಪ್ಪ ಪೆನ್ನು ತೆಗೆದುಕೊಂಡರು. ಕೈಗವಸಿನ ಡಬ್ಬಿಯ ಮೇಲೆ ತಾವೇ ಗುಣಿಸಿದರು, ಭಾಗಿಸಿದರು. ತೊಂಬತ್ತಾರು. ಇನ್ನೊಮ್ಮೆ ಗುಣಿಸಿದರು. ಆಮೇಲೆ ಮತ್ತಿನ ಡಾಕ್ಟರ ಕೈಯಿಂದ ಟ್ಯೂಬಿನ ಪೊಟ್ಟಣ ತೆಗೆದು ಟ್ರಾಲಿಯ ಮೇಲಿಟ್ಟರು.

"ಇಲ್ಲೇ ಇರಿ, ಎಲ್ಲೂ ಹೋಗ್ಬೇಡಿ. ಆದ್ರೆ ಉಸಿರು ಪೂರ್ತಿ ಸೋಲೋವರೆಗೆ ಇದನ್ನ ಮುಟ್ಟೋದು ಬೇಡ. ಡಯಾಲಿಸಿಸ್‌ನವರಿಗೆ ಮತ್ತೆ ಫೋನ್ ಮಾಡಿ. ನನ್ನ ಹೆಸರು ಹೇಳಿ." ಗಿಣಿರಾಮನ ಕಡೆ ಬಾಗಿದರು. "ನೀನು! ಅರ್ಧ ಗಂಟೆ! ಎಚ್ಚರ ಇರು!"

"ಎಚ್ಚರ ಇರಿಸೋದು ನನಗೆ ಬಿಡಿ," ಎಂದಳು ಸೋಡಕ್ಕ. ಮಂಚದ ಅಂಚಿಗೆ ಕೂತು ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, ಕೂಗಿದಳು. "ಗಿಣಿ! ನನ್ನ ಥರ ಮಾತಾಡು!"

ಅವನು ಬಾಯಿ ತೆರೆದ. ಮಾತಿಗೆ ಹೊರಟ ಗಾಳಿ ಉಸಿರಿಗೆ ಸಾಲದೆ ಕೆಮ್ಮು ಬಂತು. ಮೇಡಂ ತಡೆದಳು.

"ಮಾತು ಬೇಡ ಸಿಸ್ಟರ್, ಗಾಳಿ ವ್ಯರ್ಥ." ಗಿಣಿರಾಮನ ಕಿವಿಗೆ ಬಾಗಿ ಕೂಗಿದಳು. "ನಾಯಿ ಬರುತ್ತಾ ನಿಮಗೆ? ದೂರದಿಂದ ಓಡಿ ಬಂದ ನಾಯಿ?"

ಅವಳು ನಾಲಗೆ ಚಾಚಿ ಏದುಸಿರು ಬಿಟ್ಟು ತೋರಿಸಿದಳು. ಬಲು ಕಳಪೆ ನಾಯಿ. ಅರೆಮುಚ್ಚಿದ ಕಣ್ಣಿನಿಂದಲೇ 'ಇದೂ ಒಂದು ನಾಯಿಯೇ?' ಎಂಬಂತೆ ಗಿಣಿರಾಮ ನೋಡಿದ. ಕಸುಬಿನ ಸ್ವಾಭಿಮಾನ ಎಂಬುದೊಂದಿದೆಯಲ್ಲ. ನಾಲಗೆ ಹೊರಬಂತು, ಪಕ್ಕೆಗಳು ಎದ್ದವು: ಹಾಹಾಹಾಹಾ. ಬೀದಿಯುದ್ದಕ್ಕೂ ಸ್ಕೂಟರನ್ನು ಅಟ್ಟಿಸಿಕೊಂಡು ಹೋಗಿ ವಾಪಸು ಬಂದ ನಾಯಿ.

"ಹಾಂ! ನಿಲ್ಲಿಸ್ಬೇಡ!" ಸೋಡಕ್ಕ ತೊಡೆ ತಟ್ಟಿ ತಾಳ ಹಾಕಿದಳು. ಅವನು ಸೋತಾಗಲೆಲ್ಲ ಹೆಂಡತಿ ಅಂಗೈಗೆ ಚಿವುಟಿದಳು. ಮೇಡಂ ಗಡಿಯಾರ ಹಿಡಿದು ಎಣಿಸುತ್ತಿದ್ದಳು: ಮೂವತ್ತನಾಲ್ಕು, ಮೂವತ್ತು, ಇಪ್ಪತ್ತೇಳು. ಇಪ್ಪತ್ತೇಳಾದಾಗ ಮತ್ತಿನ ಡಾಕ್ಟರು ಟ್ರಾಲಿಯ ಕಡೆ ಒಂದು ಹೆಜ್ಜೆ ಇಟ್ಟರು. ಆಗ ಯಾರೂ ನೋಡಿರದ, ಇನ್ನು ಮುಂದೆ ನೋಡಲಾರದ ಒಂದು ದೃಶ್ಯ ನಡೆಯಿತು. ಹುಳಿಯಪ್ಪ ಮಂಚದ ಕಾಲ್ತುದಿಯಲ್ಲಿ ನಿಂತು, ಗಂಭೀರವಾಗಿ, ನಾಲಗೆ ಹೊರಚಾಚಿ ಏದುಸಿರು ಬಿಡತೊಡಗಿದರು. ಅದನ್ನು ಕಂಡ ಗಿಣಿರಾಮನ ಕಣ್ಣುಗಳು ಪೂರ್ತಿ ತೆರೆದುಕೊಂಡವು. ಎರಡು ನಾಯಿಗಳು ಎದುರುಬದುರು. ಮೂವತ್ತೊಂದು. ಮೂವತ್ತಮೂರು.

ಲಿಫ್ಟಿನ ಬಾಗಿಲು ಕಿರುಗುಟ್ಟಿ, ಡಯಾಲಿಸಿಸ್ ಯಂತ್ರದ ಗಾಲಿಗಳ ಸದ್ದು ಬಂತು.

ನಾಲ್ಕು ಗಂಟೆಗಳ ಕಾಲ ಅವನ ರಕ್ತ ಹೊರಹೋಗಿ ತೊಳೆದುಕೊಂಡು ಒಳಬಂತು. ಸಂಜೆಯ ಚೀಟಿಯನ್ನು ಮೇಡಂ ಗಟ್ಟಿಯಾಗಿ ಓದಿದಳು: ಪಿಎಚ್ ಏಳು ಪಾಯಿಂಟ್ ನಾಲ್ಕು ನಾಲ್ಕು. ಯಾರೂ ಉಸಿರು ಬಿಡಲಿಲ್ಲ. ಸಿಓಟು ಮೂವತ್ತಮೂರು. ಇನ್ನೂ ಬಿಡಲಿಲ್ಲ. ಬೈಕಾರ್ಬ್ ಇಪ್ಪತ್ತೆರಡು. ಆಗ ಸೋಡಕ್ಕ ಗೋಡೆಗೆ ಮುಖ ಮಾಡಿ ಅತ್ತಳು.

ಜೀವ ಉಳಿಯಿತು, ಆದರೆ ಮರುದಿನವೂ ಸೀಟಿ ನಿಂತಿರಲಿಲ್ಲ. "ವಿಷ ಹೋದ ಹಾಗೆ ಕಿವಿ ವಾಪಸು ಬರುತ್ತೆ, ಎರಡು ಮೂರು ದಿನ" ಎಂದು ಮೇಡಂ ಬರೆದು ತೋರಿಸಿದಳು. ಗಿಣಿರಾಮ ತಲೆಯಾಡಿಸಿದ, ನಂಬಲಿಲ್ಲ. ಅವನನ್ನು ಪಕ್ಕದ ಒಂಟಿ ಕೋಣೆಗೆ ಹಾಕಿದ್ದರು. ಹಗಲೆಲ್ಲ ಸೂರು ನೋಡುತ್ತ ಮಲಗಿದ. ಯಾರ ದನಿಯನ್ನೂ ಮಾಡಲಿಲ್ಲ. ಹೆಂಡತಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮೂರನೆಯ ಬೆಳಗ್ಗೆ ಕಣ್ಣುಬಿಟ್ಟಾಗ ಸೀಟಿ ಇರಲಿಲ್ಲ. ಏನೂ ಇರಲಿಲ್ಲ. ಕೋಣೆ ಹತ್ತಿಯೊಳಗೆ ಸುತ್ತಿಟ್ಟಂತಿತ್ತು. ಹೆಂಡತಿ ಒಳಬಂದಳು, ಬರಿಗಾಲಲ್ಲಿ. ನಗುನಗುತ್ತ ಉದ್ದಕ್ಕೆ ಏನೋ ಹೇಳಿದಳು. ತುಟಿ ಆಡಿತು, ದನಿ ಬರಲಿಲ್ಲ.

"ಏನೇ?" ಎಂದ. ತನ್ನ ದನಿ ತನಗೆ ಕೇಳಿಸಿತು. ಆದರೆ ಕಿವುಡರಿಗೂ ತಮ್ಮ ದನಿ ಎಲುಬಿನ ಮೂಲಕ ಕೇಳಿಸುತ್ತದೆಂದು ಎಲ್ಲೋ ಓದಿದ್ದು ಸರಿಯಾಗಿ ಆಗಲೇ ನೆನಪಾಗಬೇಕೇ?

ಸೋಡಕ್ಕ ಬಂದಳು. ಕೈ ಬೀಸಿ ಬೀಸಿ ಮಾತಾಡಿದಳು. ನಿಶ್ಶಬ್ದ. ಭಾವಮೈದುನ ಬಂದು, ಬಾಯಿಯನ್ನು ಇಷ್ಟಗಲ ತೆರೆದು ತೋರಿಸಿ, ಕೆನ್ನೆ ಮುಟ್ಟಿಕೊಂಡು ಏನೋ ಕೇಳಿದ. ನಿಶ್ಶಬ್ದ. ಮೇಡಂ ಅವನ ಕಿವಿಯ ಪಕ್ಕ ಬೆರಳು ಚಿಟಿಕೆ ಹೊಡೆದಳು. ಬೆರಳುಗಳು ಒಂದಕ್ಕೊಂದು ತಾಗದಂತೆ ಹೊಡೆದದ್ದು ಅವನಿಗೆ ಕಾಣಲಿಲ್ಲ. ಅವಳು ತಲೆ ಅಲ್ಲಾಡಿಸಿ ಕಾಗದದಲ್ಲಿ ಏನೋ ಗೀಚಿಕೊಂಡಳು. ಹೋಯಿತು. ಲಿಫ್ಟು ಹೋಯಿತು, ಹೆಂಡತಿಯ ಬೈಗುಳ ಹೋಯಿತು, ಎಲ್ಲರ ದನಿಯೂ ಹೋಯಿತು.

ಕೊನೆಗೆ ಹುಳಿಯಪ್ಪ ಬಂದರು. ಅವರನ್ನು ಕಂಡ ಮೇಲೆ ಇದ್ದ ಚೂರು ಆಸೆಯೂ ಸತ್ತಿತು. ತಮಾಷೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ಮಂಚದ ಪಕ್ಕ ನಿಂತು, ನಿಂಬೆ ಕಚ್ಚಿದ ಮುಖದಲ್ಲಿ, ಅವರು ದೀರ್ಘವಾಗಿ ತುಟಿ ಆಡಿಸಿದರು. ನಡುವೆ ನಿಲ್ಲಿಸಿದರು. ಮೂಗು ಅರಳಿತು. ತಲೆ ಹಿಂದಕ್ಕೆ ವಾಲಿತು. ತಡೆಯಲು ನೋಡಿದರು, ಆಗಲಿಲ್ಲ.

"ಆಆಆಕ್ಷೀ!"

ಕಿಟಕಿಯ ಗಾಜು ಝಲ್ಲೆಂದಿತು. ಕೋಣೆಯಲ್ಲಿದ್ದವರೆಲ್ಲ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಕಲ್ಲಾದರು. ಗಿಣಿರಾಮ ಒಬ್ಬೊಬ್ಬರ ಮುಖವನ್ನೂ ನೋಡಿದ. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

"ಬೆಳಗ್ಗೆ ನಿದ್ದೇಲಿ ನಿಮ್ಮ ಹೆಂಡ್ತಿ ಪಿಸುಗುಟ್ಟಿದಾಗಲೇ 'ಊಂ' ಅಂದ್ರಿ," ಎಂದಳು ಮೇಡಂ, ಈಗ ಗಟ್ಟಿಯಾಗಿ, ಸ್ಪಷ್ಟವಾಗಿ, ಮೂಗಿನಲ್ಲಿ ಸ್ವಲ್ಪ ಎಳೆಯುವ ತನ್ನ ಸ್ವಂತ ದನಿಯಲ್ಲಿ. "ಎರಡು ಸಲ ಟೆಸ್ಟ್ ಮಾಡಿದೀನಿ."

ಗಿಣಿರಾಮ ಬಾಯಿ ತೆರೆದ. "ಆಆಆಕ್ಷೀ!" ಹುಳಿಯಪ್ಪನದೇ ಸೀನು, ಕೊನೆಯ ಸಿಡಿತದವರೆಗೂ ಯಥಾವತ್ತು. ಸೋಡಕ್ಕ ನಕ್ಕಳು, ಭಾವಮೈದುನ ನಕ್ಕ, ಹುಳಿಯಪ್ಪನ ಮುಖದಲ್ಲೂ ಏನೋ ಬುಸ್ಸೆಂದಿತು. ಅಷ್ಟರಲ್ಲಿ ಅವರೆಲ್ಲರ ನಗುವನ್ನೂ ಮುಳುಗಿಸಿ ಗಿಣಿರಾಮನ ನಗು ಎದ್ದಿತು, ಯಾರದೂ ಅನುಕರಣೆಯಲ್ಲದ್ದು. ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಅವನು ಎಷ್ಟು ಜೋರಾಗಿ ನಕ್ಕನೆಂದರೆ, ಐಸಿಯುವಿನಿಂದ ಒಬ್ಬ ನರ್ಸು ಓಡಿ ಬಂದು ತುಟಿಯ ಮೇಲೆ ಬೆರಳಿಟ್ಟು, ಬಾಗಿಲು ಮುಚ್ಚಿಕೊಂಡು ಹೋಗಬೇಕಾಯಿತು.